ದುಡ್ಡು ಕೊಡಿ, ಆದರೆ ಮಾಲೀಕರನ್ನು ಕಾಪಾಡೋಕಲ್ಲ

ಕಾರು ಕಂಪನಿ ಮುಳುಗುತ್ತಿದ್ದರೆ ಸರ್ಕಾರ ಕೈ ಹಿಡಿಯಬೇಕಾ? ನನ್ನ ಪ್ರಕಾರ ಕೆಲವು ಸಲ ಹಿಡಿಯಲೇಬೇಕು. ಆದರೆ ಷೇರುದಾರರಿಗೂ ದೊಡ್ಡ ಕುರ್ಚಿಯಲ್ಲಿ ಕೂತವರಿಗೂ ಅದರಲ್ಲಿ ಒಂದು ಪೈಸೆ ಸುಖ ಸಿಗಬಾರದು.

2008ರ ನವೆಂಬರ್ ನೆನಪಿದೆಯಲ್ವಾ? ಅಮೆರಿಕದ ಕಾರು ಕಂಪನಿಗಳಾದ ಜಿಎಂ (ಜನರಲ್ ಮೋಟಾರ್ಸ್), ಫೋರ್ಡ್, ಕ್ರೈಸ್ಲರ್ ಮುಖ್ಯಸ್ಥರು ಮೂವರೂ ತಮ್ಮ ತಮ್ಮ ಖಾಸಗಿ ವಿಮಾನದಲ್ಲಿ ವಾಷಿಂಗ್ಟನ್‌ಗೆ ಬಂದು 2,500 ಕೋಟಿ ಡಾಲರ್ ಕೇಳಿದರು. ಸಂಸದರು ಸರಿಯಾಗಿ ಝಾಡಿಸಿದ ಮೇಲೆ ಮುಂದಿನ ತಿಂಗಳು ತಮ್ಮದೇ ಕಾರುಗಳಲ್ಲಿ ಬಂದರು. ಅಷ್ಟರಲ್ಲಿ ಬೇಡಿಕೆ 3,400 ಕೋಟಿಗೆ ಏರಿತ್ತು!

ಇದರಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಫೋರ್ಡ್‌ನ ಅಲನ್ ಮುಲಾಲಿ. ಅವರ ಕಂಪನಿ 2006ರಲ್ಲೇ ಕಾರ್ಖಾನೆಗಳ ಜೊತೆ ಆ ನೀಲಿ ಲೋಗೋವನ್ನೂ ಅಡವಿಟ್ಟು ಸಾಲ ಎತ್ತಿತ್ತು, ಹಾಗಾಗಿ ಕೈಯಲ್ಲಿ ದುಡ್ಡಿತ್ತು. ಆದರೂ ಎದುರಾಳಿಗಳನ್ನು ಉಳಿಸಿ ಅಂತ ವಾದಿಸಿದರು. ಯಾಕೆ ಅಂದರೆ ಸೀಟು, ಬ್ರೇಕು, ವೈರು ಮಾಡಿಕೊಡುವವರು ಹೆಚ್ಚುಕಮ್ಮಿ ಎಲ್ಲರಿಗೂ ಅವರೇ. ಜಿಎಂ ಬಿಲ್ಲು ಕಟ್ಟದಿದ್ದರೆ ಅವರು ಬಾಗಿಲು ಹಾಕುತ್ತಾರೆ, ಆಮೇಲೆ ಫೋರ್ಡ್ ಲೈನೂ ನಿಲ್ಲುತ್ತದೆ. 'ದಿವಾಳಿ ಆಗಲಿ ಬಿಡಿ' ಅನ್ನೋದು ಸುಲಭ. ಆದರೆ ದಿವಾಳಿ ಕೋರ್ಟಿನಲ್ಲಿದ್ದಾಗಲೂ ಕಾರ್ಖಾನೆ ಓಡಬೇಕು ಅಂದರೆ ಸಂಬಳಕ್ಕೆ ಯಾರಾದರೂ ಸಾಲ ಕೊಡಬೇಕು, ಹಣಕಾಸು ಬಿಕ್ಕಟ್ಟಿನ ಆ ಚಳಿಗಾಲದಲ್ಲಿ ಬ್ಯಾಂಕುಗಳಿಗೇ ಉಸಿರಿರಲಿಲ್ಲ.

ಡಿಸೆಂಬರ್‌ನಲ್ಲಿ ಬುಷ್ 1,740 ಕೋಟಿ ಡಾಲರ್ ಸಾಲ ಘೋಷಿಸಿದರು. ನನಗೆ ಇಷ್ಟವಾದದ್ದು ಅದರ ನಂತರದ್ದು. 2009ರ ಮಾರ್ಚ್‌ನಲ್ಲಿ ಒಬಾಮ ಸರ್ಕಾರ ಜಿಎಂ ಮುಖ್ಯಸ್ಥ ರಿಕ್ ವ್ಯಾಗನರ್ ಅವರನ್ನು ಮನೆಗೆ ಕಳಿಸಿತು. ಜೂನ್ 1ಕ್ಕೆ ಕಂಪನಿ ದಿವಾಳಿ ಅರ್ಜಿ ಹಾಕಿತು. ಹಳೇ ಷೇರುಗಳು ರದ್ದಿ ಕಾಗದ ಆದವು, ದಿವಾಳಿಯಿಂದ ಎದ್ದ ಹೊಸ ಕಂಪನಿಯಲ್ಲಿ ಸುಮಾರು 60% ಪಾಲು ಸರ್ಕಾರಕ್ಕೆ ಬಂತು. 2013ರಲ್ಲಿ ಕೊನೆಯ ಷೇರು ಮಾರಿದಾಗ ಜಿಎಂ ಲೆಕ್ಕದಲ್ಲಿ ಸುಮಾರು 1,000 ಕೋಟಿ ಡಾಲರ್ ನಷ್ಟ. ಸಣ್ಣ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ಊರಿಗೆ ಊರೇ ಕೆಲಸ ಕಳೆದುಕೊಂಡಿದ್ದರೆ ತೆರಿಗೆ ಯಾರು ಕಟ್ಟುತ್ತಿದ್ದರು?

ಹೊಟ್ಟೆ ಉರಿಯುವುದು ಡೆಲ್ಫೈ ವಿಷಯಕ್ಕೆ. ಜಿಎಂನಿಂದಲೇ ಬೇರೆಯಾಗಿದ್ದ ಬಿಡಿಭಾಗ ಕಂಪನಿ ಅದು. ಒಂದೇ ಕಾರ್ಖಾನೆಯಲ್ಲಿ ದುಡಿದವರು, ಆದರೆ ಯೂನಿಯನ್ ಕಾರ್ಮಿಕರ ಪಿಂಚಣಿಗೆ ಆದ ಕೊರತೆಯನ್ನು ಜಿಎಂ ತುಂಬಿಕೊಟ್ಟಿತು, ಯೂನಿಯನ್ ಇಲ್ಲದ ಸಂಬಳದಾರರದ್ದು ಕಡಿತವಾಯಿತು. ಜೋರಾಗಿ ಕೂಗುವವರಿಲ್ಲದಿದ್ದರೆ ಸರ್ಕಾರ ದುಡ್ಡು ಕೊಟ್ಟು ಉಳಿಸುವ ಬೇಲೌಟ್‌ನಲ್ಲೂ ಹೀಗೇ.

ಇನ್ನು ಕೊಳ್ಳುವವರೇ ಇಲ್ಲದ ಕಾರು ಮಾಡುತ್ತಾ ಕೂತ ಕಂಪನಿ? ಅದಕ್ಕೆ ಕೊಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬ್ರಿಟನ್ 1975ರಲ್ಲಿ ಕಾರು ಕಂಪನಿ ಬ್ರಿಟಿಷ್ ಲೇಲ್ಯಾಂಡನ್ನು ತಾನೇ ವಹಿಸಿಕೊಂಡು ವರ್ಷಗಟ್ಟಲೆ ದುಡ್ಡು ಸುರಿಯಿತು. ಅದರ ತುಣುಕಾಗಿ ಕೈ ಬದಲಾಗುತ್ತಾ ಉಳಿದಿದ್ದ ರೋವರ್ 2005ರಲ್ಲಿ ಕುಸಿಯಿತು, ಸುಮಾರು 6,000 ಜನ ಬೀದಿಗೆ ಬಿದ್ದರು. ಸ್ವೀಡನ್ ಮಾತ್ರ ತನ್ನ ನೆಲದ ಸಾಬ್ ಕಾರು ಕಂಪನಿಯನ್ನು ಕೊಳ್ಳಲ್ಲ ಅಂತ ಮೊದಲೇ ಹೇಳಿಬಿಟ್ಟಿತು. 2011ರಲ್ಲಿ ಅದು ದಿವಾಳಿಯಾಯಿತು. ಅಂಥ ಕಡೆ ಚೆಕ್ಕು ಕಂಪನಿ ಹೆಸರಿಗೆ ಬರೆಯುವುದಕ್ಕಿಂತ ಕೆಲಸ ಹೋದವರ ಕೈಗೇ ಕೊಡಲಿ, ಹೊಸ ಕೆಲಸ ಕಲಿಯುವಷ್ಟು ಕಾಲ ಮನೆ ನಡೆಯಲಿ. ಇದಕ್ಕೆ ನನ್ನ ತಕರಾರಿಲ್ಲ.