ಷಡ್ಡಕರಿಗೆ ಅರಮನೆ ತೋರಿಸಿದ್ದು

ಮಂಗಳೂರಿನಲ್ಲಿ ಮನೆ ಮಾಡಿದವರಿಗೆ ಬೇಸಿಗೆ ರಜೆ ಬಂತೆಂದರೆ ರಜೆ ಮುಗಿಯಿತು ಎಂದೇ ಲೆಕ್ಕ. ಘಟ್ಟದ ಮೇಲಿನ ನೆಂಟರೆಲ್ಲ ಇಳಿಯುತ್ತಾರೆ. ಅವರಿಗೆ ಬೆಳಿಗ್ಗೆ ದೇವಸ್ಥಾನ, ಸಂಜೆ ಸಮುದ್ರ, ಆಮೇಲೆ ಐಸ್‌ಕ್ರೀಮ್, ರಾತ್ರಿಗೆ ನೀರುದೋಸೆ. ಇಷ್ಟಕ್ಕೆ ಸಂತೋಷಪಟ್ಟು ಬಸ್ಸು ಹತ್ತುವವರೇ ಉತ್ತಮ ನೆಂಟರು. ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು, ಆ ಪೈಕಿಯವರಲ್ಲ. ಹುಟ್ಟಿದ್ದು ಮೈಸೂರು, ಈಗ ಬೆಂಗಳೂರು. ಚಿಕ್ಕಂದಿನಲ್ಲಿ ದಸರೆಯ ದೀಪದ ಅರಮನೆ ಕಂಡವರಿಗೆ ಬೇರೆ ಊರಿನ ಯಾವ ಕಟ್ಟಡವೂ ಕಣ್ಣಿಗೆ ಹಿಡಿಯುವುದಿಲ್ಲ. "ಅಲ್ಲರೀ, ನಿಮ್ಮ ಕಡೆ ರಾಜರೇ ಇರ್ಲಿಲ್ವಾ? ಕೋಟೆ, ಅರಮನೆ ಏನೂ ಕಾಣಿಸ್ತಾ ಇಲ್ಲ" ಎಂದರು, ನಮ್ಮ ಮನೆಯ ನೀರುದೋಸೆಯನ್ನೇ ತಿನ್ನುತ್ತಾ.

ಜಿಲ್ಲೆಯ ಮಾನದ ಪ್ರಶ್ನೆ. ಮರುದಿನವೇ ಬೋಳೂರಿನ ಸುಲ್ತಾನ್ ಬತ್ತೇರಿಗೆ ಕರೆದುಕೊಂಡು ಹೋದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪುಕಲ್ಲಿನ ಕಾವಲು ಬುರುಜು; ಗುರುಪುರ ನದಿಯೊಳಗೆ ಶತ್ರುಗಳ ಹಡಗು ನುಗ್ಗದಂತೆ ಮೇಲಿನಿಂದ ತೋಪು ಹಾರಿಸಲಿಕ್ಕೆ ಕಂಡಿಗಳುಂಟು, ಕೆಳಗೆ ಮದ್ದುಗುಂಡಿನ ಉಗ್ರಾಣ. ನಾನು ಇದನ್ನೆಲ್ಲ ಉತ್ಸಾಹದಿಂದ ಹೇಳಬೇಕೆಂದಿದ್ದಾಗ ಮೆಟ್ಟಿಲ ಮೇಲೆ ಮದುವೆ ಫೋಟೋದವರು ಕೂತಿದ್ದರು. ಮದುಮಗಳು ಲೆಹೆಂಗಾ ಹರಡಿಕೊಂಡ ಮೇಲೆ ಇಂಗ್ಲಿಷರ ನೌಕಾಪಡೆಗೂ ಅಲ್ಲಿ ದಾರಿ ಸಿಗುತ್ತಿರಲಿಲ್ಲ. ಕಾದು, ಬದಿಯಿಂದ ನುಸುಳಿ ಹತ್ತಿ, ಸುತ್ತು ಹಾಕಿ ಇಳಿದೆವು. ಷಡ್ಡಕರು ಗಡಿಯಾರ ನೋಡಿ "ಇಷ್ಟೇನಾ?" ಎಂದರು. ಕಾರು ನಿಲ್ಲಿಸಲಿಕ್ಕೆ ಜಾಗ ಹುಡುಕಿದ ಹೊತ್ತು ಕೋಟೆ ನೋಡಿದ ಹೊತ್ತಿಗಿಂತ ಹೆಚ್ಚಾಗಿತ್ತು, ನಿಜ. ಆದರೂ ಮನೆಯವರು ಹೇಳುವುದು ಬೇರೆ, ನೆಂಟರು ಹೇಳುವುದು ಬೇರೆ.

ದೊಡ್ಡದೇ ಬೇಕಾದರೆ ದೊಡ್ಡದೇ ಆಗಲಿ ಎಂದು ಬೆಳ್ತಂಗಡಿಯ ಗಡಾಯಿಕಲ್ಲಿಗೆ ಹೊರಡಿಸಿದೆ. ಹಿಂದೆ ಅದು ನರಸಿಂಹಗಡ. 1794ರಲ್ಲಿ ಟಿಪ್ಪು ಅಲ್ಲಿ ಕೋಟೆ ಕಟ್ಟಿಸಿ, ಜಮಾಲಾಬಾದ್ ಎಂದು ಕರೆದ; ತಾಯಿ ಜಮಾಲಾಬಿಯ ನೆನಪಿಗೆ ಎನ್ನುತ್ತಾರೆ. ಈಗ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿದೆ, ಅರಣ್ಯ ಇಲಾಖೆಗೆ ದುಡ್ಡು ಕಟ್ಟಿ ಹತ್ತಬೇಕು. ಬಂಡೆ ಕಡಿದು ಮಾಡಿದ 1,800ಕ್ಕೂ ಹೆಚ್ಚು ಮೆಟ್ಟಿಲು. ಹಲವು ಕಡೆ ಮೊಣಕಾಲೆತ್ತರ. ಹೆಂಗಸರಿಬ್ಬರೂ ಕೆಳಗಿನಿಂದಲೇ ಒಮ್ಮೆ ತಲೆಯೆತ್ತಿ ನೋಡಿ, "ನೀವು ಹೋಗಿ ಬನ್ನಿ, ನಾವು ಬೊಂಡ ಕುಡಿಯುತ್ತೇವೆ" ಎಂದರು. ಬುದ್ಧಿವಂತರು.

ಷಡ್ಡಕರು ಮೆಟ್ಟಿಲನ್ನು ಗಟ್ಟಿಯಾಗಿ ಎಣಿಸುತ್ತಾ ಹೊರಟರು. ಇನ್ನೂರು ದಾಟುವಾಗ ಎಣಿಕೆ ಮೆಲ್ಲಗಾಯಿತು, ನಾನೂರರ ಹತ್ತಿರ, ಇಳಿದು ಬರುತ್ತಿದ್ದ ಕಾಲೇಜು ಹುಡುಗನೊಬ್ಬ "ಅಂಕಲ್, ಟೈಮ್ ಎಷ್ಟು?" ಎಂದು ಕೇಳಿ ಲೆಕ್ಕ ತಪ್ಪಿಸಿದ. ಮತ್ತೆ ಮೊದಲಿನಿಂದ ಎಣಿಸಬೇಕೆಂದು ಅವರು ಕೆಳಗೆ ತಿರುಗಿದ್ದನ್ನು ನಾನೇ ಅಂಗಿ ಹಿಡಿದು ನಿಲ್ಲಿಸಿದ್ದು. ಬೆರಳೆಣಿಕೆಯ ಸಿಪಾಯಿಗಳು ಮೇಲಿದ್ದರೆ ದೊಡ್ಡ ಸೈನ್ಯವನ್ನೂ ತಡೆಯಬಹುದಾದ ಕೋಟೆ ಇದು ಎನ್ನುತ್ತಾರೆ. ನನ್ನ ಪ್ರಕಾರ ಸಿಪಾಯಿಗಳೂ ಬೇಕಾಗಿಲ್ಲ. ಹತ್ತಿ ಬಂದ ಶತ್ರು ಮೊದಲು ಕೇಳುವುದು ನೀರು. ತುದಿಯಲ್ಲಿ ಉಳಿದಿರುವುದು ಕುಸಿದ ಗೋಡೆ, ಒಂದು ಕೆರೆ, ಬೇಕಾದಷ್ಟು ಗಾಳಿ. ಬಂಡೆಯ ಮೇಲೆ ಅಂಗಾತ ಮಲಗಿದ ಷಡ್ಡಕರು ಬಹಳ ಹೊತ್ತಿನ ಮೇಲೆ ಕೇಳಿದರು: "ಅರಮನೆ ಎಲ್ಲಿ?"

ಅರಮನೆಯಂಥದ್ದನ್ನು ಅದರ ಮರುದಿನ ತೋರಿಸಿದೆ. ನಮ್ಮ ಪರಿಚಯದವರದ್ದೊಂದು ಹಳೆಯ ಗುತ್ತಿನ ಮನೆ, ವೇಣೂರಿನ ದಾರಿಯಿಂದ ಸ್ವಲ್ಪ ಒಳಗೆ. ಗುತ್ತು, ಬೀಡು ಅಂದರೆ ತುಳುನಾಡಿನ ಹಳೆಯ ಯಜಮಾನ ಮನೆತನಗಳ ದೊಡ್ಡ ಮನೆಗಳು; ಅವನ್ನು ನೋಡಲಿಕ್ಕೆ ಟಿಕೆಟ್ ಇಲ್ಲ, ಹಗ್ಗ ಕಟ್ಟಿ ದೂರ ನಿಲ್ಲಿಸುವವರಿಲ್ಲ. ಅಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ. ನೋಡಲಿಕ್ಕೆ ಹೋದವನು ಪ್ರವಾಸಿಯಲ್ಲ, ನೆಂಟ. ಎಡವಟ್ಟು ಮಾಡಿದರೆ ನೆಂಟನಾಗಿಯೇ ಮಾಡಬೇಕು. ಮುರಕಲ್ಲಿನ ಜಗಲಿ, ಹಲಸಿನ ಮರದ ಕಂಬ, ಹೊರಗೆ ನಲವತ್ತು ಡಿಗ್ರಿ ಉರಿದರೂ ಒಳಗೆ ತಂಪು. ಮಾಡಿಗೆ ಹೆಂಚು ಬಂದದ್ದು 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು ಕಾರ್ಖಾನೆ ತೆರೆದ ಮೇಲೆ. ಅದಕ್ಕೆ ಮೊದಲು ಇಂಥ ದೊಡ್ಡ ಮನೆಗೂ ಹುಲ್ಲಿನ ಮಾಡೇ.

ಬೆಲ್ಲ ನೀರು ಕೊಟ್ಟು, ಮನೆಯ ಹಿರಿಯರು "ಬಲೆ, ಕುಳ್ಳುಲೆ" ಎಂದರು, ಬನ್ನಿ, ಕೂತುಕೊಳ್ಳಿ ಎಂದು. ಅಕ್ಕನನ್ನು ಮದುವೆಯಾದ ಪುಣ್ಯಕ್ಕೆ ಷಡ್ಡಕರಿಗೆ ಅಷ್ಟು ತುಳು ಬರುತ್ತದೆ. ಚಾವಡಿಯಲ್ಲಿ ಹತ್ತಿರಕ್ಕೆ ಕಂಡದ್ದು ಹಿತ್ತಾಳೆ ಸರಪಳಿಯ ಉಯ್ಯಾಲೆ ಮಂಚ. ಚಂದವಾಗಿ ಒರೆಸಿಟ್ಟು, ಹೂವಿಟ್ಟದ್ದು. ಅವರು ಅದರ ಮೇಲೆ ಕೂರಲು ಬಾಗಿದ್ದೇ ತಡ, ಒಳಗಿನಿಂದ, ಹೊರಗಿನಿಂದ, ಅಂಗಳದಲ್ಲಿ ಅಡಕೆ ಸುಲಿಯುತ್ತಿದ್ದವರಿಂದ ಒಂದೇ ಕೂಗು: "ಅಲ್ಲಿ ಬೇಡ ಮಾರಾಯ್ರೆ, ಅದು ದೈವದ್ದು!"

ಷಡ್ಡಕರು ಅರ್ಧದಲ್ಲೇ ನಿಂತರು. ಆದರೆ ಹಿಂದಿನ ದಿನದ ಗಡಾಯಿಕಲ್ಲು ಅವರ ಮೊಣಕಾಲಿನಲ್ಲಿ ಹಾಗೇ ಕೂತಿತ್ತು. ಕೂರುವಂತಿಲ್ಲ, ಏಳಲು ಆಗುವುದಿಲ್ಲ. ದೈವದ ಮಂಚಕ್ಕೂ ಅವರಿಗೂ ಒಂದು ಗೇಣು ಅಂತರ. ಆ ಭಂಗಿಯಲ್ಲೇ "ಹಿಡೀರಿ, ಹಿಡೀರಿ" ಎಂದರು. ನಾನೊಂದು ರಟ್ಟೆ, ಮನೆಯ ಹುಡುಗನೊಂದು ರಟ್ಟೆ ಹಿಡಿದು, ಕೆಸರಲ್ಲಿ ಹೂತ ಕಂಬಳದ ಕೋಣವನ್ನು ಎತ್ತುವ ಹಾಗೆ ಎತ್ತಿದೆವು. ನಾಚಿಕೆಗೆ ಗಡಬಡಿಸಿ ಒಳಗೆ ನುಗ್ಗಿದವರ ಹಣೆಗೆ ಪಡಸಾಲೆಯ ದಾರಂದ ಠಪ್ಪೆಂದು ಬಡಿಯಿತು. ತಗ್ಗು ಬಾಗಿಲು: ಒಳಗೆ ಬರುವವನು ತಲೆ ತಗ್ಗಿಸಲಿ ಎಂದೂ ಹೇಳುತ್ತಾರೆ, ಕತ್ತಿ ಹಿಡಿದು ನುಗ್ಗುವವನ ತಲೆ ಮೊದಲು ಬರಲಿ ಎಂದೂ ಹೇಳುತ್ತಾರೆ. ಹಿರಿಯರು ತೆಂಗಿನೆಣ್ಣೆ ತರಿಸಿ, "ಬೇಜಾರು ಮಾಡಬೇಡಿ, ಕಲೆಕ್ಟರಿಗೂ ತಾಗಿದೆ" ಎಂದು ಸಮಾಧಾನ ಮಾಡಿದರು.

ಹಣೆ ಉಜ್ಜಿಕೊಳ್ಳುತ್ತಾ ಷಡ್ಡಕರು ಮಾತು ಬದಲಿಸಲು ನೋಡಿದರು. "ಇದು ನಿಮ್ಮ ತಂದೆಯವರ ಮನೆ ಅಲ್ವೇ?"

"ಅಲ್ಲ. ತಂದೆಯದ್ದು ಬೇರೆ ಗುತ್ತು. ಇದು ತಾಯಿಯ ಮನೆ. ಯಜಮಾನಿಕೆ ಸೋದರಮಾವನಿಂದ ಬಂದದ್ದು."

"ಓ. ಮುಂದೆ ನಿಮ್ಮ ಮಗನಿಗೆ."

"ಅವನಿಗೆ ಯಾಕೆ? ಅವನಿಗೆ ಅವನ ತಾಯಿಯ ಮನೆ ಉಂಟಲ್ಲ. ಇದು ತಂಗಿಯ ಮಗನಿಗೆ."

ಅಳಿಯಕಟ್ಟು ಅಂದರೆ ಹಾಗೆಯೇ, ಉಳ್ಳಾಲದ ರಾಣಿ ಅಬ್ಬಕ್ಕನಿಗೂ ಪಟ್ಟ ಬಂದದ್ದು ಸೋದರಮಾವ ತಿರುಮಲರಾಯನಿಂದ ಎಂದು ನಾನು ಬಿಡಿಸಿ ಹೇಳಿದೆ. ಷಡ್ಡಕರು ಬೆರಳು ಮಡಚಿ ತಮ್ಮ ಲೇಔಟಿನ ಸೈಟು ಯಾರಿಗೆ ಹೋಗುತ್ತದೆಂದು ಲೆಕ್ಕ ಹಾಕಿ ಗಾಬರಿಯಾದರು. ಅಕ್ಕನಿಗೆ ಮಾತ್ರ ಈ ಪದ್ಧತಿ ಬಹಳ ಹಿಡಿಸಿತು.

ಹಿಂದಿರುಗುವಾಗ ಮೂಡುಬಿದಿರೆಯಲ್ಲಿ, ಹಿಂದೆ ಈ ಕಡೆ ಆಳಿದ ಜೈನ ಅರಸರು ಚೌಟರ ಅರಮನೆ. ಇಲ್ಲಿ ನೋಡಬೇಕಾದ್ದು ಮರದ ಕಂಬಗಳ ಕೆತ್ತನೆ: ಐದು ಹೆಂಗಸರು ಹೆಣೆದುಕೊಂಡು ಕುದುರೆಯಾದ ಪಂಚನಾರಿ ತುರಗ, ಒಂಬತ್ತು ಮಂದಿ ಆನೆಯಾದ ನವನಾರಿ ಕುಂಜರ. ದೂರದಿಂದ ಆನೆ, ಹತ್ತಿರ ಹೋದರೆ ಕೈ, ಕಾಲು, ಜಡೆ. ಹಣೆಯ ಬುಗುಟು ಹೊತ್ತುಕೊಂಡೇ ಷಡ್ಡಕರು ಮನಸಾರೆ ನೋಡಿದ್ದು ಇದೊಂದನ್ನು. ಮೈಸೂರಿನ ಮಾತೇ ಎತ್ತಲಿಲ್ಲ. ಎಡದಿಂದ ಎಣಿಸಿದರು, ಬಲದಿಂದ ಎಣಿಸಿದರು, ಎಂಟೇ ಸಿಕ್ಕಿತು. "ಒಬ್ಬಳು ಎಲ್ಲಿ ಹೋದಳು?"

ಬೆಳಿಗ್ಗೆ ಐದಕ್ಕೆ ಎದ್ದು ಎಲ್ಲರಿಗೂ ಬುತ್ತಿ ಕಟ್ಟಿದ್ದ ನನ್ನ ಹೆಂಡತಿ ಕಂಬಕ್ಕೆ ಒಂದು ಸುತ್ತು ಬಂದು ಹೇಳಿದಳು: "ಭಾವ, ಇಲ್ಲಿ ಒಂದು ಆನೆಯ ಕೆಲಸಕ್ಕೆ ಒಂಬತ್ತು ಜನ ಇಟ್ಟುಕೊಂಡಿದ್ದಾರೆ. ನಮ್ಮನೆಯಲ್ಲಿ ನಾನೊಬ್ಬಳೇ."