ಪಿಡಿಎಫ್ ದಾನಿಗಳು

ಪರಹಸ್ತಕ್ಕೆ ಹೋದ ಪುಸ್ತಕ ಹೋದಂತೆಯೇ ಲೆಕ್ಕ ಎಂದು ಹಿಂದಿನವರು ಹೇಳಿಟ್ಟದ್ದು ಈ ಕಾಲಕ್ಕೆ ಒಪ್ಪುವುದಿಲ್ಲ. ಈಗ ಪುಸ್ತಕ ನಮ್ಮ ಕಪಾಟಿನಲ್ಲಿಯೇ ಇರುತ್ತದೆ, ನೂರಾರು ಜನರ ಮೊಬೈಲಿಗೂ ಹೋಗಿರುತ್ತದೆ. ಯಾರ ಮನೆಯಿಂದಲೂ ಏನೂ ಕಾಣೆಯಾಗಿಲ್ಲವಾದ್ದರಿಂದ ಕದ್ದೆ ಎಂಬ ಅಳುಕು ಹುಟ್ಟುವುದೇ ಇಲ್ಲ. ಹುಟ್ಟುವುದು ಕೊಟ್ಟೆ ಎಂಬ ತೃಪ್ತಿ.

ಪೈರಸಿ ಎಂದೊಡನೆ ಕತ್ತಲ ಕೋಣೆಯ ಖದೀಮನೊಬ್ಬ ಕಣ್ಣಮುಂದೆ ಬರುತ್ತಾನೆ. ನಾನು ಬಲ್ಲ ಕನ್ನಡ ಪುಸ್ತಕದ ಪೈರಸಿಗಾರರೆಲ್ಲ ಹಾಡಹಗಲಿನ ಸಜ್ಜನರು. ತರಕಾರಿಯವನು ಎರಡು ರೂಪಾಯಿ ಹೆಚ್ಚು ಚಿಲ್ಲರೆ ಕೊಟ್ಟರೆ ತಿರುಗಿ ಹೋಗಿ ಕೊಟ್ಟು ಬರುವ ಮಂದಿ. ಬೆಳಗ್ಗೆ ವಾಟ್ಸ್ಆ್ಯಪ್ ಗುಂಪಿಗೊಂದು ಸುಭಾಷಿತ ಹಾಕಿ, ಅದರ ಬೆನ್ನಿಗೇ ಹೋದ ತಿಂಗಳಷ್ಟೇ ಬಿಡುಗಡೆಯಾದ ಕಾದಂಬರಿಯ ಪಿಡಿಎಫ್ ಹಾಕುತ್ತಾರೆ: ‘ಆಸಕ್ತರು ಓದಿ, ಇತರರಿಗೂ ಹಂಚಿ.’ ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ತೆರೆದು ನೋಡಿದರೆ ಪ್ರತಿ ಪುಟದ ಅಂಚಿನಲ್ಲಿ ಹಾಳೆಯನ್ನು ಒತ್ತಿ ಹಿಡಿದ ಹೆಬ್ಬೆರಳು. ಉಗುರಿನಲ್ಲಿ ಅರಿಶಿನದ ಕಲೆ. ‘ಅನುಮತಿಯಿಲ್ಲದೆ ಈ ಕೃತಿಯ ಯಾವ ಭಾಗವನ್ನೂ ನಕಲು ಮಾಡುವಂತಿಲ್ಲ’ ಎಂಬ ಪ್ರಕಾಶಕರ ಎಚ್ಚರಿಕೆಯನ್ನೂ ಅಷ್ಟೇ ನಿಷ್ಠೆಯಿಂದ ನಕಲು ಮಾಡಿರುತ್ತಾರೆ. ಇನ್ನೂರು ಪುಟಗಳನ್ನು ಒಂದೊಂದಾಗಿ ಮಗುಚಿ ಚಿತ್ರ ತೆಗೆಯುವ ಇಂಥ ಶ್ರದ್ಧೆ ಹಣ ಕೊಟ್ಟರೂ ಸಿಗದು.

ನಕಲು ಮಾಡಿಸಿ ಹಂಚುವುದು ಪುಣ್ಯವೆಂಬ ಭಾವ ನಮ್ಮಲ್ಲಿ ಹಳೆಯದು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದಳು. ಆದರೆ ಆಕೆ ಖರ್ಚು ಮಾಡಿದ್ದು ತನ್ನ ಹಣ. ರನ್ನನಂಥ ಕವಿಗೆ ಆಶ್ರಯ ಕೊಟ್ಟವಳೂ ಆಕೆಯೇ. ನಮ್ಮ ದಾನಿಗಳು ಕೈ ಹಾಕುವುದು ಲೇಖಕನ ಜೇಬಿಗೆ. ಅಲ್ಲಾದರೂ ಇರುವುದೇನು? 200 ರೂಪಾಯಿಯ ಪುಸ್ತಕಕ್ಕೆ ಶೇಕಡಾ 10ರಂತೆ ಗೌರವಧನ ಸಿಕ್ಕರೆ 20 ರೂಪಾಯಿ. ದರ್ಶಿನಿಯಲ್ಲಿ ಒಂದು ಕಾಫಿ.

ಇಂಥವರ ಎದುರು ಸರ್ಕಾರ ಜೋಡಿಸಿಟ್ಟ ಆಯುಧಗಳನ್ನು ನೋಡಿದರೆ ನಗು ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು. ಸಾಲದೆಂಬಂತೆ ಕರ್ನಾಟಕವು 2014ರಲ್ಲಿ ಗೂಂಡಾ ಕಾಯ್ದೆಗೆ ‘ಡಿಜಿಟಲ್ ಅಪರಾಧಿ’ಗಳನ್ನೂ ಸೇರಿಸಿತು, ಅದರಡಿ ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ತಂದವರ ಕಣ್ಣು ದೊಡ್ಡ ದಂಧೆಯವರ ಮೇಲಿತ್ತೆನ್ನಿ. ಆದರೂ ಮಂಕಿಟೋಪಿ ಧರಿಸಿ ಸುಭಾಷಿತ ಹಂಚುವ ಗೂಂಡಾನನ್ನು ಯಾವ ಪೊಲೀಸ್ ಪೇದೆ ತಾನೇ ಗುರುತಿಸಿಯಾನು?

ಸಿನಿಮಾದವರು ಇನ್ನೂ ಮುಂದಿದ್ದಾರೆ. ಚಿತ್ರ ತೆರೆ ಕಾಣುವ ಮೊದಲೇ ಹೈಕೋರ್ಟಿಗೆ ಹೋಗಿ, ಯಾರೆಂದೇ ಗೊತ್ತಿಲ್ಲದ ಕಳ್ಳನ ಮೇಲೆ ತಡೆಯಾಜ್ಞೆ ತರುತ್ತಾರೆ. ಆ ಅನಾಮಿಕನನ್ನು ಅರ್ಜಿಯಲ್ಲಿ ‘ಅಶೋಕ್ ಕುಮಾರ್’ ಎಂದು ಕರೆಯುವ ರೂಢಿಯಿದೆ. ದೇಶದ ಅಷ್ಟೂ ಅಶೋಕ್ ಕುಮಾರರು ಇದನ್ನು ಹೇಗೆ ಸಹಿಸಿಕೊಂಡಿದ್ದಾರೋ! ಒಂದು ತಾಣ ಮುಚ್ಚಿಸಿದರೆ ರಕ್ತಬೀಜಾಸುರನಂತೆ ಹತ್ತು ಏಳುವುದನ್ನು ಕಂಡು, ಹಾಗೆ ಎದ್ದ ಪ್ರತಿರೂಪಗಳನ್ನೂ ಹಳೆಯ ಆದೇಶದಡಿಯಲ್ಲಿಯೇ ಮುಚ್ಚಿಸಲು 2019ರಲ್ಲಿ ದೆಹಲಿ ಹೈಕೋರ್ಟ್ ದಾರಿ ಮಾಡಿಕೊಟ್ಟಿತು. ಗುಂಪಿನೊಳಗೆ ಕೈಯಿಂದ ಕೈಗೆ ದಾಟುವ ಕಾದಂಬರಿಗೆ ಮುಚ್ಚಿಸಲು ಬಾಗಿಲೇ ಇಲ್ಲ.

ದಾನ ಮಾಡಲೇಬೇಕೆಂಬ ಹಟವಿದ್ದರೆ ಸರಕಿಗೇನೂ ಬರವಿಲ್ಲ. ಲೇಖಕ ತೀರಿಕೊಂಡ 60 ವರ್ಷಗಳ ನಂತರ ಹಕ್ಕು ಮುಗಿಯುತ್ತದೆ. ಕೈಲಾಸಂ ಮತ್ತು ಬಿ.ಎಂ.ಶ್ರೀ ಇಬ್ಬರೂ ತೀರಿಕೊಂಡದ್ದು 1946ರಲ್ಲಿ. ಅವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ್ದೆಲ್ಲ 2007ರಿಂದ ಎಲ್ಲರ ಸೊತ್ತು. ಮನಸಾರೆ ಹಂಚಬಹುದು. ನಾನೊಮ್ಮೆ ಕೈಲಾಸಂ ನಾಟಕವೊಂದನ್ನು ಗುಂಪಿಗೆ ಹಾಕಿದೆ. ಒಬ್ಬರು ಕೈಮುಗಿದರು. ಇನ್ನೊಬ್ಬರು ಬರೆದರು: ‘ಹೊಸದೇನಾದರೂ ಇದ್ದರೆ ಕಳಿಸಿ ಸಾರ್.’