'ಆಮೇಲೆ' ಅನ್ನೋ ಗಂಟೆ ಗಡಿಯಾರದಾಗ ಇಲ್ಲ

ಕರೆಂಟ್ ಬಿಲ್ ಫ್ರಿಜ್ ಮೇಲೆ ಹದಿನೈದು ದಿನದಿಂದ ಬಿದ್ದಿರುತ್ತೆ. ಖಾತೆಯಲ್ಲಿ ದುಡ್ಡಿದೆ, ಕೈಯಲ್ಲಿ ಫೋನಿದೆ, ಕಟ್ಟಬೇಕು ಅಂತ ದಿನಕ್ಕೆ ನಾಲ್ಕು ಸಲ ನೆನಪೂ ಆಗುತ್ತೆ. ಆದರೂ ಲೈನ್‌ಮ್ಯಾನ್ ಬಂದು ಫ್ಯೂಸ್ ಕಿತ್ತ ಮೇಲೇ ಕಟ್ಟೋದು. "ಎಷ್ಟು ಸಲ ಹೇಳ್ಬೇಕಪ್ಪಾ ನಿನಗ?" ಅಂತ ಅವ್ವ ಬೈತಾಳೆ, ಸೋಮಾರಿ ಅಂತ ಮನೆಮಂದಿಯೆಲ್ಲ ತೀರ್ಪು ಕೊಡ್ತಾರೆ. ಆದರೆ ಸೋಮಾರಿಗೆ ಕೆಲಸ ಬಿಟ್ಟು ಕೂತಾಗ ಒಂದು ಸುಖ ಇರುತ್ತೆ. ಇಲ್ಲಿ ಅದೂ ಇಲ್ಲ. ಆ ಚೀಟಿ ಹದಿನೈದೂ ದಿನ ಕಣ್ಣಿಗೆ ಚುಚ್ಚುತ್ತಲೇ ಇರುತ್ತೆ.

ಬಿಲ್ ಕಟ್ಟೋದು ಒಂದು ಕೆಲಸ ಅಲ್ಲ, ಏಳೆಂಟು. ಎದ್ದೇಳಬೇಕು, ಚೀಟಿ ತಗೋಬೇಕು, ಕನ್ನಡಕ ಹುಡುಕಬೇಕು, ಅಕೌಂಟ್ ಐಡಿ ಅಂಕಿ ಒಂದೊಂದಾಗಿ ಒತ್ತಬೇಕು. ಅಷ್ಟರಲ್ಲಿ ವಾಟ್ಸಾಪ್ ಟಣ್ ಅನ್ನುತ್ತೆ. ಎಡಿಎಚ್‌ಡಿ, ಅಂದರೆ ಗಮನದ ಕೊರತೆ, ಅತಿ ಚಟುವಟಿಕೆ ಅಂತ ಹೆಸರಿಟ್ಟ ತೊಂದರೆ, ಇರೋರಿಗೆ ಕೆಲಸದ ಸರಪಳಿ ಹರಿಯೋದು ಅಲ್ಲೇ. ಗಮನದ ಕೊರತೆ ಅನ್ನೋ ಹೆಸರೇ ಅರ್ಧ ತಪ್ಪು. ಮನಸ್ಸಿಗೆ ಹಿಡಿಸಿದ ಕೆಲಸಕ್ಕೆ ಕೂತರೆ ಇದೇ ಮನುಷ್ಯ ಊಟ ಮರೆತು ಐದು ತಾಸು ಕೂರ್ತಾನೆ. ಗಮನ ಇದೆ, ಅದರ ಲಗಾಮು ಕೈಯಲ್ಲಿಲ್ಲ. ಅವನ ಕಾಲದಲ್ಲಿ ಇರೋದು ಎರಡೇ: 'ಈಗ' ಮತ್ತು 'ಆಮೇಲೆ'.

ನಲವತ್ತು ದಾಟೋವರೆಗೂ ಇದು ಯಾಕೆ ಗೊತ್ತಾಗಲಿಲ್ಲ ಅಂತ ಬಹಳ ಜನ ಕೊರಗ್ತಾರೆ. ಶಾಲೆಯಲ್ಲಿ ಕಿಟಕಿ ನೋಡ್ತಾ ಸುಮ್ಮನೆ ಕೂತಿದ್ದ ಹುಡುಗಿ ಯಾರಿಗೂ ತಲೆನೋವಲ್ಲ, ಹಾಗಾಗಿ ಯಾರೂ ನೋಡಲಿಲ್ಲ. ಅವ್ವ ಬ್ಯಾಗು ಜೋಡಿಸಿ ಕೊಡೋವರೆಗೆ ಎಲ್ಲ ನಡೀತು. ಅಂಗಡಿ, ಉದ್ರಿ ಲೆಕ್ಕ, ಇಎಂಐ, ಮಕ್ಕಳ ಫೀಸು ಒಟ್ಟಿಗೆ ಬಂದಾಗ ಕಟ್ಟೆ ಒಡೀತು. ವೈದ್ಯರ ಅಳತೆಗೋಲೂ ಬದಲಾಗಿದೆ. ಲಕ್ಷಣ 7 ವರ್ಷದೊಳಗೇ ಕಾಣಿಸಿರಬೇಕು ಅಂತಿದ್ದ ನಿಯಮವನ್ನ 2013ರ ಡಿಎಸ್‌ಎಂ-5, ಅಂದರೆ ಮನೋವೈದ್ಯರು ರೋಗ ಗುರುತಿಸೋಕೆ ಬಳಸೋ ಅಮೆರಿಕದ ಕೈಪಿಡಿ, 12 ವರ್ಷಕ್ಕೆ ಏರಿಸಿತು. ಮಕ್ಕಳಿಗೆ 6 ಲಕ್ಷಣ ಬೇಕು, ದೊಡ್ಡವರಿಗೆ 5 ಸಾಕು. ಅದೂ ಮನೆಯಲ್ಲಿ ಮಾತ್ರ ಅಥವಾ ಕೆಲಸದಲ್ಲಿ ಮಾತ್ರ ಅಲ್ಲ, ಎರಡು ಕಡೆಯಾದರೂ ಕಾಣಬೇಕು. ಮೊಬೈಲ್ ಬಂದ ಮೇಲೆ ಶುರುವಾದ ಚಂಚಲತೆ ಎಡಿಎಚ್‌ಡಿ ಅಲ್ಲ.

ರೀಲ್ಸ್ ನೋಡಿ ನಿರ್ಧಾರ ಮಾಡಬೇಡಿ, ಸ್ಕ್ಯಾನಿಂಗಿಗೂ ದುಡ್ಡು ಸುರಿಯಬೇಡಿ. ಇದನ್ನ ಹಿಡಿದು ತೋರಿಸೋ ಎಂಆರ್‌ಐ ಇಲ್ಲ, ರಕ್ತಪರೀಕ್ಷೆ ಇಲ್ಲ. ಮನೋವೈದ್ಯರು ಕೂತು ಕೇಳಿಯೇ ತಿಳಿಯಬೇಕು. ಹೋಗುವಾಗ ಹಳೇ ಮಾರ್ಕ್ಸ್ ಕಾರ್ಡ್ ಒಯ್ಯಿರಿ. 'ಬುದ್ಧಿವಂತ, ಆದರೆ ಲಕ್ಷ್ಯವಿಲ್ಲ' ಅಂತ ಮೇಷ್ಟ್ರು ಬರೆದಿದ್ದರೆ ಅದು ಬಂಗಾರ. ಬಾಲ್ಯ ಕಂಡ ಅವ್ವನನ್ನೋ ಅಕ್ಕನನ್ನೋ ಕರ್ಕೊಂಡು ಹೋಗಿ. ಥೈರಾಯ್ಡ್, ರಕ್ತಹೀನತೆ, ಖಿನ್ನತೆ, ಗೊರಕೆ ಹೊಡೆದು ನಿದ್ದೆಗೆಡೋದು, ಇವೂ ಇದೇ ವೇಷ ಹಾಕುತ್ತವೆ. ಮೊದಲು ಅವನ್ನ ನೋಡಿಸಿ.

'ಹುಚ್ಚರ ಡಾಕ್ಟ್ರ ಹತ್ರ ಯಾಕ ಹೋಗ್ಬೇಕು' ಅನ್ನೋರಿಗೆ ಒಂದು ಮಾತು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಇಲ್ಲಿ ಮಾಡಿ ತೋರಿಸಿದ 'ಬಳ್ಳಾರಿ ಮಾದರಿ'ಯನ್ನೇ 1996ರಲ್ಲಿ ದೇಶಕ್ಕೆ ಹಬ್ಬಿಸಿದ್ದು. ನಾಚಿಕೆಪಡಬೇಕಾದ ಊರು ನಮ್ಮದಲ್ಲ. ಎಲ್ಲಿಂದ ಶುರು ಮಾಡಬೇಕು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಮಾತ್ರೆ ವಿಷಯದಲ್ಲೇ ಜನ ಹೆಚ್ಚು ಎಡವೋದು. ಎಡಿಎಚ್‌ಡಿಗೆ ಕೊಡೋ ಮಿಥೈಲ್‌ಫೆನಿಡೇಟ್ ಅನ್ನೋ ಮಾತ್ರೆ ಬೇಗ ಕೆಲಸ ಮಾಡುತ್ತೆ, ಸಾದಾ ಮಾತ್ರೆಯಾದರೆ ಮೂರ್ನಾಲ್ಕು ತಾಸಿಗೆ ಇಳಿದೂ ಹೋಗುತ್ತೆ. ಸಂಜೆ ನುಂಗಿದರೆ ರಾತ್ರಿ ನಿದ್ದೆ ಹೋಯ್ತು ಅಂತಲೇ ಲೆಕ್ಕ. ಇದು ಶೆಡ್ಯೂಲ್ ಎಕ್ಸ್ ಔಷಧಿ, ಅಂದರೆ ಕಾನೂನು ಬಿಗಿಯಾಗಿ ಹಿಡಿದಿಟ್ಟ ಪಟ್ಟಿಯದ್ದು. ಮಾರೋಕೆ ಬೇರೆ ಲೈಸೆನ್ಸ್ ಬೇಕು, ಡಾಕ್ಟ್ರ ಚೀಟಿಯ ಎರಡು ಪ್ರತಿ ಬೇಕು, ಒಂದನ್ನ ಅಂಗಡಿಯವರು ಎರಡು ವರ್ಷ ಇಟ್ಕೋಬೇಕು. ಸಿಂಧನೂರು, ಕುಷ್ಟಗಿಯಂಥ ಕಡೆ ಎಲ್ಲ ಮೆಡಿಕಲ್‌ನಲ್ಲೂ ಸಿಗುತ್ತೆ ಅಂತ ನಂಬಿ ಕೂರಬೇಡಿ. ಹತ್ತು ಮಾತ್ರೆ ಉಳಿದಾಗಲೇ ಹೊರಡಿ. (ಮರೆವಿನವರಿಗೆ ಇಷ್ಟು ಕಟ್ಟಳೆ! ದೇವರೇ ಗತಿ.) ಅಟೊಮಾಕ್ಸೆಟಿನ್ ಅನ್ನೋ ಇನ್ನೊಂದು ಮಾತ್ರೆ ಬೇರೆ ಜಾತಿ, ಹಿಡಿಯೋಕೆ ನಾಲ್ಕರಿಂದ ಆರು ವಾರ ಬೇಕು. ಎರಡು ವಾರಕ್ಕೇ 'ಏನೂ ಆಗಲಿಲ್ಲ' ಅಂತ ಬಿಡೋರೇ ಬಹಳ. ಖಾಲಿ ಹೊಟ್ಟೆಗೆ ವಾಕರಿಕೆ ಬರುತ್ತೆ, ಒಗ್ಗರಣಿ-ಮಿರ್ಚಿ ತಿಂದ ಮೇಲೇ ನುಂಗಿ. ಬಾಯಿ ಒಣಗುತ್ತೆ, ರಾಯಚೂರ ಬ್ಯಾಸಗಿಯಲ್ಲಂತೂ ನೀರಿನ ಬಾಟ್ಲಿ ಬಗಲಲ್ಲೇ ಇರಲಿ. ಎರಡರಲ್ಲೂ ಬಿಪಿ, ನಾಡಿ ಏರಬಹುದು. ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ.

ಮಾತ್ರೆ ಲಗಾಮು ಕೊಡುತ್ತೆ, ದಾರಿ ಕೊಡೋದಿಲ್ಲ. ತಲೆಯಲ್ಲಿ ಇಟ್ಟದ್ದು ಕಳೀತು ಅಂತಲೇ ತಿಳಿದು ಎಲ್ಲ ಹೊರಗಿಡಬೇಕು. ಕರೆಂಟ್ ಬಿಲ್‌ಗೆ ಆಟೋಪೇ ಹಾಕಿ, ಏಳು ಮೆಟ್ಟಿಲೂ ಹೋದವು. ಬೀಗದ ಕೀಲಿಗೆ ಬಾಗಿಲ ಪಕ್ಕ ಒಂದೇ ಮೊಳೆ. ಅಲಾರಂಗೆ 'ಬ್ಯಾಂಕ್' ಅಂತ ಹೆಸರಿಟ್ಟರೆ ಕೆಲಸ ಆಗಲ್ಲ, 'ಚಪ್ಪಲಿ ಹಾಕ್ಕೋ' ಅಂತಿಡಿ. ವಾರ ಕಳೆದರೆ ಕಿವಿ ಆ ಸದ್ದಿಗೆ ಒಗ್ಗಿಹೋಗುತ್ತೆ, ಟೋನ್ ಬದಲಿಸ್ತಾ ಇರಿ. ಲೆಕ್ಕದ ಪುಸ್ತಕ ಒಬ್ಬರೇ ಇದ್ದಾಗ ತೆರೆಯಬೇಡಿ. ಪಕ್ಕದಲ್ಲಿ ಯಾರೋ ಅಕ್ಕಿ ಆರಿಸ್ತಾ ಕೂತಿದ್ದರೂ ಸಾಕು, ಕೈ ಓಡುತ್ತೆ. ಅವರು ಸಹಾಯ ಮಾಡೋದೇನೂ ಬೇಡ, ಇದ್ದರೆ ಸಾಕು.

ಡಾಕ್ಟ್ರ ಮುಂದೆ ಕೂತಾಗ ಹೇಳಬೇಕಾದ್ದೆಲ್ಲ ಹಾರಿಹೋಗುತ್ತೆ. ತೂಕ, ನಿದ್ದೆ, ಹಸಿವು, ಬಿಪಿ, ತಪ್ಪಿಸಿದ ಮಾತ್ರೆ ಎಷ್ಟು, ಇಷ್ಟನ್ನ ಐದು ಸಾಲಲ್ಲಿ ಬರೆದು ಒಯ್ಯಿರಿ. ಆ ಚೀಟಿಯನ್ನೂ ಫ್ರಿಜ್ ಮೇಲೇ ಬಿಟ್ಟು ಬರೋರಿದ್ದಾರೆ. ಫೋಟೋ ಹೊಡೆದು ಜೊತೆಗೆ ಬರೋರ ವಾಟ್ಸಾಪ್‌ಗೂ ಒಂದು ಕಳಿಸಿಡಿ.